ಪೈಥಾನ್‌ನಿಂದ ಸಿ ಭಾಷೆಗೆ ಪಾಯಿಂಟರ್ ಮೂಲಕ ಸ್ಟ್ರಕ್ಟ್ ದಾಟಿಸುವುದು: ಮೆಕ್ಕೆಜೋಳದ ಲಾಟಿನ ಲೆಕ್ಕ ಇಟ್ಟುಕೊಂಡು

ದಾವಣಗೆರೆ ಎಪಿಎಂಸಿಯ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವವರಿಗೂ, ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವವರಿಗೂ ಎದುರಾಗುವ ಕೆಲಸ ಒಂದೇ ಥರದ್ದು. ವೇಬ್ರಿಡ್ಜ್‌ನಿಂದ (ಲಾರಿ ತೂಗುವ ಕಾಟಾದಿಂದ) ತೂಕ ಓದುವ ಕೋಡ್ ಸಿ ಭಾಷೆಯಲ್ಲಿರುತ್ತದೆ. ಬಿಲ್ಲು, ವರದಿ, ಪರದೆ ಎಲ್ಲ ಪೈಥಾನ್‌ನಲ್ಲಿರುತ್ತದೆ. ನಡುವೆ ಒಂದು ಫೈಲ್ ಇಟ್ಟು ಇವರು ಬರೆದದ್ದನ್ನು ಅವರು ಓದುವ ಹಾಗೆ ಮಾಡಬಹುದು, ಆದರೆ ಸಾವಿರಾರು ಲಾಟು (ಒಟ್ಟಿಗೆ ಮಾರಾಟಕ್ಕಿಟ್ಟ ಮಾಲು) ಬರುವ ದಿನ ಅದು ತಡವರಿಸುತ್ತದೆ. ಒಂದೇ ಮೆಮೊರಿಯನ್ನು ಎರಡೂ ಭಾಷೆ ನೋಡುವಂತೆ ಪಾಯಿಂಟರ್ ಕೊಡುವುದು ನೇರ ದಾರಿ. ಒಂದು ಲಾಟಿನ ವಿವರಗಳನ್ನೆಲ್ಲ ಒಟ್ಟಿಗೆ ಕಟ್ಟಿಡುವ ಸಿ ಭಾಷೆಯ ಮೂಟೆಯೇ ಸ್ಟ್ರಕ್ಟ್.

ಪಾಯಿಂಟರ್ ಅಂದರೆ ಮೆಮೊರಿಯ ಒಂದು ವಿಳಾಸ, 64 ಬಿಟ್ ಯಂತ್ರದಲ್ಲಿ 8 ಬೈಟ್, ಅಷ್ಟೇ. ಆ ವಿಳಾಸದಲ್ಲಿ ಏನಿದೆ, ಎಷ್ಟಿದೆ, ಅದು ಯಾರದ್ದು, ಎಲ್ಲಿಯವರೆಗೆ ಇರುತ್ತದೆ ಎಂಬುದರಲ್ಲಿ ಒಂದನ್ನೂ ಪಾಯಿಂಟರ್ ಹೇಳುವುದಿಲ್ಲ. ಆ ನಾಲ್ಕನ್ನೂ ನೀವೇ ಎರಡೂ ಕಡೆ ಬರೆದು ಒಪ್ಪಿಸಬೇಕು. ಈ ಕೆಲಸದಲ್ಲಿ ಕೈಕೊಡುವುದೆಲ್ಲ ಇವುಗಳಲ್ಲಿ ಯಾವುದೋ ಒಂದು ತಪ್ಪಿದಾಗಲೇ.

ಇಲ್ಲಿ ಬಳಸುವುದು ಪೈಥಾನ್ ಜೊತೆಗೇ ಬರುವ ಸಿಟೈಪ್ಸ್ ಮಾಡ್ಯೂಲ್. ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಫಂಕ್ಷನ್, ಆಪ್ಷನ್‌ಗಳ ಹೆಸರನ್ನು ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ಸ್ಟ್ರಕ್ಟ್‌ನ ಅಳತೆ

ಒಂದು ಲಾಟಿಗೆ ನಾಲ್ಕು ವಿವರ ಸಾಕು ಎಂದುಕೊಳ್ಳೋಣ: ದರ್ಜೆ ಒಂದು ಅಕ್ಷರ (1 ಬೈಟ್), ತೂಕ ಕ್ವಿಂಟಲ್‌ನಲ್ಲಿ ಡಬಲ್, ಅಂದರೆ ದಶಾಂಶ ಸಂಖ್ಯೆ (8 ಬೈಟ್), ಚೀಲಗಳ ಸಂಖ್ಯೆ 16 ಬಿಟ್‌ನ ಅನ್‌ಸೈನ್ಡ್ ಪೂರ್ಣಾಂಕ (2 ಬೈಟ್), ಲಾಟ್ ನಂಬರ್ 32 ಬಿಟ್‌ನ ಪೂರ್ಣಾಂಕ (4 ಬೈಟ್). ಕೂಡಿದರೆ 15 ಬೈಟ್. ಆದರೆ ಇದೇ ಕ್ರಮದಲ್ಲಿ ಬರೆದು ಒಟ್ಟು ಎಷ್ಟು ಬೈಟ್ ಎಂದು ಸೈಜ್‌ಆಫ್‌ನಿಂದ ಕೇಳಿದರೆ 64 ಬಿಟ್ ಲಿನಕ್ಸ್‌ನಲ್ಲಿ ಬರುವ ಉತ್ತರ 24.

ಡಬಲ್ ಯಾವಾಗಲೂ 8ರಿಂದ ಭಾಗವಾಗುವ ವಿಳಾಸದಲ್ಲಿ ಕೂರಬೇಕು ಎಂಬುದು ಅಲ್ಲಿನ ನಿಯಮ. ದರ್ಜೆ ಸೊನ್ನೆಯಲ್ಲಿ ಕೂತರೆ ತೂಕ 8ಕ್ಕೆ ಹಾರುತ್ತದೆ, ನಡುವಿನ 7 ಬೈಟ್ ಖಾಲಿ. ಚೀಲ 16ರಲ್ಲಿ, ಎರಡು ಬೈಟ್ ಖಾಲಿ ಬಿಟ್ಟು ನಂಬರ್ 20ರಲ್ಲಿ. ಈ ಖಾಲಿ ಜಾಗಕ್ಕೆ ಪ್ಯಾಡಿಂಗ್ ಎನ್ನುತ್ತಾರೆ. ದೊಡ್ಡದು ಮೊದಲು ಬರುವಂತೆ ತೂಕ, ನಂಬರ್, ಚೀಲ, ದರ್ಜೆ ಎಂದು ಜೋಡಿಸಿ: ತೂಕ 0ಯಲ್ಲಿ, ನಂಬರ್ 8ರಲ್ಲಿ, ಚೀಲ 12ರಲ್ಲಿ, ದರ್ಜೆ 14ರಲ್ಲಿ, ಒಟ್ಟು 16. ಹತ್ತು ಸಾವಿರ ಲಾಟಿಗೆ 2,40,000 ಬೈಟ್ ಇದ್ದದ್ದು 1,60,000ಕ್ಕೆ ಇಳಿಯಿತು. ಉಳಿತಾಯ ಒಂದು ಕಡೆ ಇರಲಿ, ನಡುವೆ ತೂತುಗಳಿಲ್ಲದ ಸ್ಟ್ರಕ್ಟ್‌ನಲ್ಲಿ ತಪ್ಪು ಹುಡುಕುವುದೂ ಸುಲಭ.

ಪ್ಯಾಡಿಂಗ್ ಲೆಕ್ಕ ಎಲ್ಲ ಯಂತ್ರದಲ್ಲೂ ಒಂದೇ ಅಲ್ಲ. 32 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಸ್ಟ್ರಕ್ಟ್ ಒಳಗಿನ ಡಬಲ್‌ಗೆ 4ರ ಗಡಿ ಸಾಕು, ಹಾಗಾಗಿ ಮೊದಲ ಕ್ರಮದ ಸ್ಟ್ರಕ್ಟ್ ಅಲ್ಲಿ 20 ಬೈಟ್ ಆಗುತ್ತದೆ. ಅಳತೆಯನ್ನು ಬಾಯಿಪಾಠ ಮಾಡಬೇಡಿ, ಆಯಾ ಯಂತ್ರದಲ್ಲೇ ಕೇಳಿ ತಿಳಿದುಕೊಳ್ಳಿ.

ಸಿ ಕಡೆ ಇಂಟ್, ಲಾಂಗ್ ಎಂದು ಬರೆಯುವ ರೂಢಿ ಬಿಡಿ. ಸ್ಟಡ್‌ಇಂಟ್ ಹೆಡರ್ ಸೇರಿಸಿ ಇಂಟ್32, ಯುಇಂಟ್16, ಇಂಟ್64 ಎಂದು ಅಳತೆ ಹೇಳುವ ಟೈಪ್‌ಗಳನ್ನೇ ಬಳಸಿ. ಈನಮ್ (ಹೆಸರಿಟ್ಟ ಸಂಖ್ಯೆಗಳ ಪಟ್ಟಿ) ಕೂಡ ಬೇಡ, ಅದರ ಅಳತೆ ಕಂಪೈಲರ್‌ಗೆ ಬಿಟ್ಟದ್ದು. ಬದಲಿಗೆ ಇಂಟ್32 ಇಡಿ. ಒಂದೇ ಸಂಖ್ಯೆಯ ಬಿಟ್‌ಗಳನ್ನು ಹಂಚಿಕೊಳ್ಳುವ ಬಿಟ್‌ಫೀಲ್ಡ್ ಎರಡು ಭಾಷೆಗಳ ಗಡಿಯಲ್ಲಿ ಬೇಡವೇ ಬೇಡ.

ಪೈಥಾನ್ ಕಡೆ ಸಿಟೈಪ್ಸ್‌ನ ಸ್ಟ್ರಕ್ಚರ್ ಕ್ಲಾಸ್‌ನಿಂದ ಲಾಟ್ ಎಂಬ ಕ್ಲಾಸ್ ಮಾಡಿ. ಅದರೊಳಗೆ ಮುಂದೊಂದು ಹಿಂದೊಂದು ಅಂಡರ್‌ಸ್ಕೋರ್ ಇರುವ ಫೀಲ್ಡ್ಸ್ ಎಂಬ ಪಟ್ಟಿಯಲ್ಲಿ ಹೆಸರು ಮತ್ತು ಟೈಪ್‌ನ ಜೋಡಿಗಳನ್ನು ಸಿ ಕಡೆ ಇರುವ ಕ್ರಮದಲ್ಲೇ ಬರೆಯಿರಿ: ತೂಕಕ್ಕೆ ಸಿ-ಡಬಲ್, ನಂಬರ್‌ಗೆ ಸಿ-ಇಂಟ್32, ಚೀಲಕ್ಕೆ ಸಿ-ಯುಇಂಟ್16, ದರ್ಜೆಗೆ ಸಿ-ಚಾರ್. ಎರಡೂ ಕಡೆ ಹೊಂದಬೇಕಾದದ್ದು ಕ್ರಮ ಮತ್ತು ಟೈಪ್. ಹೆಸರು ಬೇರೆಯಿದ್ದರೂ ನಡೆಯುತ್ತದೆ.

ಇಲ್ಲಿ ಒಂದು ತಪ್ಪನ್ನು ಬೈಟ್ ಬೈಟಾಗಿ ನೋಡುವುದು ಒಳ್ಳೆಯದು. ನಂಬರ್‌ಗೆ ಸಿ-ಇಂಟ್32 ಬದಲು ಸಿ-ಲಾಂಗ್ ಬರೆದಿದ್ದೀರಿ ಅನ್ನಿ. ವಿಂಡೋಸ್‌ನಲ್ಲಿ ಲಾಂಗ್ 4 ಬೈಟ್, ಎಲ್ಲ ಸರಿಯಾಗಿ ನಡೆಯುತ್ತದೆ. ಅದೇ ಪ್ರೋಗ್ರಾಮ್ 64 ಬಿಟ್ ಲಿನಕ್ಸ್‌ಗೆ ಹೋದರೆ ಲಾಂಗ್ 8 ಬೈಟ್. ಈಗ ಪೈಥಾನ್ ಪ್ರಕಾರ ನಂಬರ್ 8ರಿಂದ 15ರವರೆಗೆ, ಚೀಲ 16ರಲ್ಲಿ, ದರ್ಜೆ 18ರಲ್ಲಿ, ಒಟ್ಟು ಅಳತೆ 24. ಸಿ ಮಾತ್ರ ಹಳೆಯ 16ರ ಲೆಕ್ಕದಲ್ಲೇ ಓದುತ್ತಿದೆ. ಮೊದಲ ಲಾಟಿನ ತೂಕ 60, ನಂಬರ್ 7 ಎರಡೂ ಸರಿ ಬರುತ್ತವೆ. ಚೀಲ 120 ಬದಲು 0 ಬರುತ್ತದೆ; ಸಿ ಓದಿದ 12ನೇ ಬೈಟ್ ಈಗ ನಂಬರ್‌ನ ಮೇಲಿನ ಅರ್ಧ. ಎರಡನೇ ಲಾಟನ್ನು ಸಿ 16ನೇ ಬೈಟ್‌ನಿಂದ ಓದುತ್ತದೆ, ಅಲ್ಲಿರುವುದು ಮೊದಲ ಲಾಟಿನ ಚೀಲ ಮತ್ತು ದರ್ಜೆ. ಅವನ್ನು ಡಬಲ್ ಎಂದು ಓದಿದರೆ ಸೊನ್ನೆಗೆ ಅಂಟಿಕೊಂಡ ಸಂಖ್ಯೆ, ಪರದೆಯ ಮೇಲೆ 0.00. ಎಲ್ಲೂ ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಮೊತ್ತ ಮಾತ್ರ ಕಡಿಮೆ. ಒಂದೇ ಲಾಟ್ ಹಾಕಿ ತೂಕ ನೋಡಿ ಸರಿಯಿದೆ ಎಂದವರಿಗೆ ಇದು ಸಿಗುವುದೇ ಇಲ್ಲ. ಹಾಗಾಗಿ ಪರೀಕ್ಷೆಗೆ ಕನಿಷ್ಠ ಮೂರು ಲಾಟ್ ಹಾಕಿ, ಪ್ರತಿ ಫೀಲ್ಡ್‌ಗೂ ಬೇರೆ ಬೇರೆ ಬೆಲೆ ಕೊಡಿ, ಎಲ್ಲವನ್ನೂ ಸಿ ಕಡೆಯಿಂದ ಪ್ರಿಂಟ್ ಮಾಡಿಸಿ.

ಇದನ್ನು ಯಂತ್ರವೇ ಹಿಡಿಯುವಂತೆ ಮಾಡುವುದು ಇನ್ನೂ ಮೇಲು. ಸಿ ಲೈಬ್ರರಿಯಲ್ಲಿ ಸ್ಟ್ರಕ್ಟ್‌ನ ಸೈಜ್‌ಆಫ್ ಹಿಂದಿರುಗಿಸುವ ಪುಟ್ಟ ಫಂಕ್ಷನ್ ಒಂದು, ಪ್ರತಿ ಫೀಲ್ಡ್‌ನ ಆಫ್‌ಸೆಟ್‌ಆಫ್ (ಅದು ಎಷ್ಟನೇ ಬೈಟ್‌ನಲ್ಲಿದೆ ಎಂಬುದು) ಹಿಂದಿರುಗಿಸುವ ಇನ್ನೊಂದು ಇಡಿ. ಪೈಥಾನ್‌ನಲ್ಲಿ ಲೈಬ್ರರಿ ಲೋಡ್ ಆದ ಕೂಡಲೇ ಸಿಟೈಪ್ಸ್‌ನ ಸೈಜ್‌ಆಫ್ ಜೊತೆಗೂ, ಲಾಟ್ ಕ್ಲಾಸ್‌ನ ಪ್ರತಿ ಫೀಲ್ಡ್‌ನ ಆಫ್‌ಸೆಟ್ ಜೊತೆಗೂ ಹೋಲಿಸಿ, ಹೊಂದದಿದ್ದರೆ ಅಲ್ಲೇ ನಿಲ್ಲಿಸಿ. ಹತ್ತು ಸಾಲಿನ ಕೆಲಸ, ಈ ಇಡೀ ವಿಷಯದಲ್ಲಿ ಇಷ್ಟು ಬೆಲೆ ಬಾಳುವ ಹತ್ತು ಸಾಲು ಬೇರೆ ಇಲ್ಲ.

ಪ್ಯಾಡಿಂಗ್ ತೆಗೆಯಲು ಸಿ ಕಡೆ ಪ್ರಾಗ್ಮಾ ಪ್ಯಾಕ್ 1, ಪೈಥಾನ್ ಕಡೆ ಪ್ಯಾಕ್ 1 ಹಾಕುವ ದಾರಿಯೂ ಇದೆ. ಫೈಲ್ ಅಥವಾ ಸೀರಿಯಲ್ ಪೋರ್ಟ್‌ನಿಂದ ಬರುವ, ಅಳತೆ ಮೊದಲೇ ಗೊತ್ತುಪಡಿಸಿದ ಬೈಟ್‌ಗಳನ್ನು ಓದುವಾಗ ಮಾತ್ರ ಅದು ಬೇಕು. ಬರೀ ಜಾಗ ಉಳಿಸಲು ಮಾಡಬೇಡಿ. ಗಡಿ ತಪ್ಪಿ ಕೂತ ಡಬಲ್ ಓದುವುದು ಕೆಲವು ಪ್ರೊಸೆಸರ್‌ಗಳಿಗೆ ನಿಧಾನ, ಕೆಲವಕ್ಕೆ ಆಗುವುದೇ ಇಲ್ಲ.

ಲೈಬ್ರರಿ ಕಟ್ಟುವುದು

ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್‌ಗೆ ಶೇರ್ಡ್ ಮತ್ತು ಎಫ್‌ಪಿಐಸಿ ಆಪ್ಷನ್ ಕೊಟ್ಟರೆ ಪೈಥಾನ್ ಲೋಡ್ ಮಾಡಬಲ್ಲ ಎಸ್‌ಒ ಫೈಲ್ ಸಿಗುತ್ತದೆ. ವಾಲ್ ಆಪ್ಷನ್ ಕೂಡ ಹಾಕಿ, ಅದು ಹೇಳುವ ಎಚ್ಚರಿಕೆಗಳನ್ನು ಓದಿ. ಸಿ++ ಆಗಿದ್ದರೆ ಫಂಕ್ಷನ್‌ಗಳನ್ನು ಎಕ್ಸ್‌ಟರ್ನ್ ಸಿ ಒಳಗೆ ಇಡಬೇಕು, ಇಲ್ಲದಿದ್ದರೆ ಕಂಪೈಲರ್ ಹೆಸರನ್ನು ತಿರುಚಿಡುತ್ತದೆ, ಪೈಥಾನ್‌ಗೆ ಆ ಹೆಸರು ಸಿಗುವುದಿಲ್ಲ. ಎನ್‌ಎಂ ಕಮಾಂಡ್ ಹೊಡೆದರೆ ಹೊರಗೆ ಕಾಣುವ ಹೆಸರುಗಳು ಯಾವುವು ಎಂದು ಗೊತ್ತಾಗುತ್ತದೆ. ವಿಂಡೋಸ್‌ನಲ್ಲಿ (ಅಲ್ಲಿ ಎಸ್‌ಒ ಬದಲು ಡಿಎಲ್‌ಎಲ್ ಫೈಲ್) ಡಿಎಲ್‌ಎಲ್ ಎಕ್ಸ್‌ಪೋರ್ಟ್ ಎಂದು ಫಂಕ್ಷನ್ ಮುಂದೆ ಬರೆಯುವುದು ಮರೆಯಬೇಡಿ. ಪೈಥಾನ್ 3.8ರಿಂದ ಈಚೆಗೆ ಡಿಎಲ್‌ಎಲ್ ಅವಲಂಬಿಸಿದ ಬೇರೆ ಡಿಎಲ್‌ಎಲ್‌ಗಳನ್ನು ಪಾತ್‌ನಲ್ಲಿ ಹುಡುಕುವುದಿಲ್ಲ. ಓಎಸ್ ಮಾಡ್ಯೂಲ್‌ನ ಆಡ್ ಡಿಎಲ್‌ಎಲ್ ಡೈರೆಕ್ಟರಿ ಬಳಸಿ ಫೋಲ್ಡರ್ ತೋರಿಸಬೇಕು. ಪೈಥಾನ್ 64 ಬಿಟ್ ಇದ್ದರೆ ಲೈಬ್ರರಿಯೂ 64 ಬಿಟ್ ಇರಬೇಕು.

ಫಂಕ್ಷನ್ ಕರೆಯುವುದು

ಲಾಟುಗಳ ಒಟ್ಟು ಮೊತ್ತ ಕೂಡುವ ಸಿ ಫಂಕ್ಷನ್ ಹೀಗಿರಲಿ: ಮೊದಲು ಲಾಟ್‌ಗೆ ಕಾನ್ಸ್ಟ್ ಪಾಯಿಂಟರ್, ಆಮೇಲೆ ಲಾಟುಗಳ ಎಣಿಕೆ ಸೈಜ್-ಟಿ ಆಗಿ, ಕ್ವಿಂಟಲ್‌ಗೆ ದರ ಪೈಸೆಯಲ್ಲಿ ಇಂಟ್64, ಕೊನೆಗೆ ಉತ್ತರ ಬರೆಯಲು ಇಂಟ್64ಗೆ ಪಾಯಿಂಟರ್. ಹಿಂದಿರುಗಿಸುವುದು ಇಂಟ್32: ಸೊನ್ನೆ ಅಂದರೆ ಸರಿ, ಬೇರೆ ಸಂಖ್ಯೆ ಅಂದರೆ ತಪ್ಪಿನ ಗುರುತು. ಅರೇಯ ಪಾಯಿಂಟರ್ ಕೊಟ್ಟಲ್ಲೆಲ್ಲ ಎಣಿಕೆಯನ್ನೂ ಕೊಡುವುದು ಕಡ್ಡಾಯ.

ದುಡ್ಡಿಗೆ ಇಂಟ್64 ಯಾಕೆ? ಇಂಟ್32ರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಪೈಸೆಯ ಲೆಕ್ಕದಲ್ಲಿ ಅದು 2 ಕೋಟಿ 14 ಲಕ್ಷ ರೂಪಾಯಿ ಚಿಲ್ಲರೆ. ಮೆಕ್ಕೆಜೋಳದ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ರೂ. ಹಿಡಿದರೆ 8,947 ಕ್ವಿಂಟಲ್ ದಾಟುತ್ತಿದ್ದಂತೆ ಇಂಟ್32 ಉಕ್ಕಿ ಹೋಗುತ್ತದೆ. ಸುಗ್ಗಿಯಲ್ಲಿ ಒಂದು ಯಾರ್ಡಿನ ಲೆಕ್ಕಕ್ಕೆ ಅದು ಸಾಲದು. ತೂಕವನ್ನು ದರದಿಂದ ಗುಣಿಸಿದ ಮೇಲೆ ಎಲ್‌ಎಲ್‌ರೌಂಡ್‌ನಿಂದ ಹತ್ತಿರದ ಪೂರ್ಣಾಂಕ ಮಾಡಿ ಪೈಸೆಗೆ ತಂದು, ಆಮೇಲೆ ಕೂಡಿ. ಡಬಲ್‌ನಲ್ಲೇ ಕೂಡುತ್ತ ಹೋದರೆ ಬಿಲ್ಲುಗಳ ಮೊತ್ತಕ್ಕೂ ದಿನದ ಮೊತ್ತಕ್ಕೂ ತಾಳೆ ಬೀಳುವುದಿಲ್ಲ.

ಪೈಥಾನ್‌ನಲ್ಲಿ ಫಂಕ್ಷನ್ ಕರೆಯುವ ಮೊದಲು ಎರಡು ಗುಣ ಹೊಂದಿಸಬೇಕು: ಆರ್ಗ್‌ಟೈಪ್ಸ್ (ಒಳಗೆ ಕೊಡುವ ಬೆಲೆಗಳ ಟೈಪ್) ಮತ್ತು ರೆಸ್‌ಟೈಪ್ (ಹಿಂದಿರುಗುವ ಬೆಲೆಯ ಟೈಪ್). ಇದನ್ನು ಬಿಟ್ಟವರೇ ಹೆಚ್ಚು ಒದ್ದಾಡುವುದು. ರೆಸ್‌ಟೈಪ್ ಹೇಳದಿದ್ದರೆ ಸಿಟೈಪ್ಸ್ ಎಲ್ಲ ಫಂಕ್ಷನ್‌ಗಳೂ ಇಂಟ್ ಹಿಂದಿರುಗಿಸುತ್ತವೆ ಎಂದೇ ತಿಳಿಯುತ್ತದೆ. ನಿಮ್ಮ ಫಂಕ್ಷನ್ ಪಾಯಿಂಟರ್ ಹಿಂದಿರುಗಿಸಿದರೆ 8 ಬೈಟ್ ವಿಳಾಸದ ಕೆಳಗಿನ 4 ಬೈಟ್ ಮಾತ್ರ ಉಳಿಯುತ್ತದೆ. ಆ ಅರ್ಧ ವಿಳಾಸವನ್ನು ಮತ್ತೆ ಸಿಗೆ ಕೊಟ್ಟ ಕ್ಷಣ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಮ್ ಬೀಳುವುದು. ಕೆಲವೊಮ್ಮೆ ವಿಳಾಸ ಚಿಕ್ಕದಿದ್ದು ನಡೆದುಬಿಡುತ್ತದೆ, ಮರುದಿನ ಬೀಳುತ್ತದೆ. ನಿನ್ನೆ ಓಡಿತ್ತು, ಇವತ್ತು ಓಡುತ್ತಿಲ್ಲ ಎಂದು ಯಾರಾದರೂ ಬಂದರೆ ಮೊದಲು ರೆಸ್‌ಟೈಪ್ ನೋಡಿ.

ಹತ್ತು ಲಾಟಿನ ಅರೇ ಬೇಕಾದರೆ ಲಾಟ್ ಕ್ಲಾಸನ್ನು 10ರಿಂದ ಗುಣಿಸಿ, ಬಂದ ಟೈಪನ್ನು ಕರೆಯಿರಿ. ಆರ್ಗ್‌ಟೈಪ್ಸ್‌ನಲ್ಲಿ ದೊಡ್ಡಕ್ಷರದ ಪಾಯಿಂಟರ್‌ಗೆ ಲಾಟ್ ಕೊಟ್ಟು ಬರೆದಿದ್ದರೆ ಈ ಅರೇಯನ್ನು ಹಾಗೇ ಕೊಡಬಹುದು. ಒಂದೇ ಲಾಟ್ ಅಥವಾ ಉತ್ತರದ ಇಂಟ್64 ಕೊಡಲು ಬೈರೆಫ್ ಬಳಸಿ. ಚಿಕ್ಕಕ್ಷರದ ಪಾಯಿಂಟರ್ ಫಂಕ್ಷನ್ ಕೂಡ ಅದೇ ಕೆಲಸ ಮಾಡುತ್ತದೆ, ಆದರೆ ಪೂರ್ತಿ ಪಾಯಿಂಟರ್ ವಸ್ತು ಕಟ್ಟುವುದರಿಂದ ನಿಧಾನ. ಆ ಪಾಯಿಂಟರನ್ನು ಪೈಥಾನ್‌ನಲ್ಲೇ ಇಟ್ಟುಕೊಳ್ಳಬೇಕಿದ್ದರೆ ಮಾತ್ರ ಬಳಸಿ. ಪೈಥಾನ್‌ನ ನನ್ (ಏನೂ ಇಲ್ಲ ಎಂಬ ಬೆಲೆ) ಕೊಟ್ಟರೆ ಸಿಗೆ ನಲ್ (ಖಾಲಿ ಪಾಯಿಂಟರ್) ಹೋಗುತ್ತದೆ, ಅದನ್ನು ಸಿ ಕಡೆ ಪರೀಕ್ಷಿಸಿಯೇ ಮುಂದೆ ಹೋಗಬೇಕು.

ಸಿಟೈಪ್ಸ್ ಯಾವುದನ್ನು ತಡೆಯುವುದಿಲ್ಲ ಎಂದು ಗೊತ್ತಿರಲಿ. ಚೀಲದ ಜಾಗದಲ್ಲಿ 70000 ಬರೆದರೆ ಅದು ತಕರಾರಿಲ್ಲದೆ 4464 ಆಗುತ್ತದೆ, ಅಂದರೆ 65536 ಕಳೆದು ಉಳಿದದ್ದು. ಫೀಲ್ಡ್‌ನ ಹೆಸರನ್ನು ಒಂದಕ್ಷರ ತಪ್ಪು ಬರೆದರೂ ಎರರ್ ಬರುವುದಿಲ್ಲ, ಪೈಥಾನ್ ಆ ಹೆಸರಿನದೊಂದು ಹೊಸ ಗುಣ ಹುಟ್ಟಿಸುತ್ತದೆ, ಸಿಗೆ ಕಾಣುವುದು ಸೊನ್ನೆ. ಅರೇಯ ಎಲ್ಲೆ ಮೀರಿದರೆ ಇಂಡೆಕ್ಸ್ ಎರರ್ ಬರುತ್ತದೆ ಸರಿ, ಆದರೆ ಪಾಯಿಂಟರ್‌ಗೆ ಎಲ್ಲೆಯೇ ಇಲ್ಲ. ಹತ್ತರ ಅರೇಯ ಪಾಯಿಂಟರ್‌ನಲ್ಲಿ ಐವತ್ತನೆಯದನ್ನು ಕೇಳಿದರೆ ಅಲ್ಲಿ ಏನಿದೆಯೋ ಅದೇ ಬರುತ್ತದೆ. ಅರೇಯಿಂದ ಒಂದು ಲಾಟನ್ನು ತೆಗೆದು ಬೇರೆ ಹೆಸರಿಗೆ ಇಟ್ಟುಕೊಂಡರೆ ಅದು ನಕಲೂ ಅಲ್ಲ, ಅದೇ ಮೆಮೊರಿಯ ಕಿಟಕಿ. ಸಿ ಮುಂದೆ ಆ ಅರೇಯನ್ನು ತಿದ್ದಿದರೆ ನೀವು ಇಟ್ಟುಕೊಂಡದ್ದೂ ಬದಲಾಗುತ್ತದೆ. ನಿಜವಾದ ನಕಲು ಬೇಕಿದ್ದರೆ ಫ್ರಮ್ ಬಫರ್ ಕಾಪಿ ಬಳಸಿ.

ಊರಿನ ಹೆಸರು, ಕನ್ನಡದಲ್ಲಿ

ಲಾಟ್ ಯಾವ ತಾಲ್ಲೂಕಿನಿಂದ ಬಂತು ಎಂದು ಬರೆಯಲು 20 ಬೈಟ್‌ನ ಚಾರ್ ಅರೇ ಇಟ್ಟರೆ ಇಂಗ್ಲಿಷ್ ಹೆಸರಿಗೆ ಧಾರಾಳ ಸಾಕು. ಕನ್ನಡಕ್ಕೆ ಸಾಲದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಯೂನಿಕೋಡ್ ನಂಬರ್ ಕೊಟ್ಟ ಒಂದೊಂದು ಚಿಹ್ನೆ) 3 ಬೈಟ್, ಮತ್ತು ಕಾಗುಣಿತದ ಗುರುತು, ಒತ್ತಿನ ಹಲಂತ ಎಲ್ಲವೂ ಬೇರೆ ಬೇರೆ ಕೋಡ್‌ಪಾಯಿಂಟ್. ಹರಿಹರ ಐದು ಕೋಡ್‌ಪಾಯಿಂಟ್, 15 ಬೈಟ್. ಜಗಳೂರು ಆರು, 18 ಬೈಟ್, ಹೆಸರು ಮುಗಿಯಿತೆಂದು ಸಿಗೆ ತಿಳಿಸುವ ಕೊನೆಯ ಸೊನ್ನೆ ಸೇರಿ 19, ಅಂತೂ ಹಿಡಿಯಿತು. ನ್ಯಾಮತಿ ಏಳು, 21 ಬೈಟ್. ದಾವಣಗೆರೆ, ಚನ್ನಗಿರಿ, ಹೊನ್ನಾಳಿ ಮೂರೂ ಎಂಟೆಂಟು, 24 ಬೈಟ್. ಹರಿಹರ, ಜಗಳೂರು ಹಾಕಿ ಪರೀಕ್ಷೆ ಮಾಡಿದರೆ ಪ್ರೋಗ್ರಾಮ್ ಪಾಸು, ದಾವಣಗೆರೆ ಬಂದ ದಿನ ಫೇಲು.

ಫೇಲಾಗುವ ಬಗೆಯನ್ನೂ ನೋಡಿ. ಸಿ ಕಡೆ ಎಸ್‌ಎನ್‌ಪ್ರಿಂಟ್‌ಎಫ್ 19 ಬೈಟ್‌ಗೆ ಕತ್ತರಿಸುತ್ತದೆ. 18 ಬೈಟ್‌ನಲ್ಲಿ 'ದಾವಣಗೆ' ಪೂರ್ತಿ, 19ನೇ ಬೈಟ್ 'ರ'ದ ಮೂರರಲ್ಲಿ ಒಂದು ಪಾಲು. ಪೈಥಾನ್ ಡಿಕೋಡ್ ಮಾಡಲು ಹೋದಾಗ ಯೂನಿಕೋಡ್ ಡಿಕೋಡ್ ಎರರ್. ಎರರನ್ನು ಇಗ್ನೋರ್ ಮಾಡಿ ಎಂದರೆ ತಪ್ಪು ಮುಚ್ಚಿಹೋಗುತ್ತದೆ, ಬಿಲ್ಲಿನಲ್ಲಿ 'ದಾವಣಗೆ' ಎಂದು ಅಚ್ಚಾಗುತ್ತದೆ. ಹಾಗೆ ಮಾಡಬೇಡಿ. 64 ಬೈಟ್ ಇಡಿ. ಸ್ಟ್ರಕ್ಟ್‌ನ ಕೊನೆಯಲ್ಲಿಟ್ಟರೆ 15ನೇ ಬೈಟ್‌ನಿಂದಲೇ ಶುರುವಾಗಿ ಒಟ್ಟು ಅಳತೆ 80 ಆಗುತ್ತದೆ. ಬರೆಯುವ ಮೊದಲು ಪೈಥಾನ್‌ನಲ್ಲೇ ಎನ್‌ಕೋಡ್ ಮಾಡಿದ ಬೈಟ್‌ಗಳ ಉದ್ದ 63 ಮೀರಿಲ್ಲ ಎಂದು ನೋಡಿ. 65 ಬೈಟ್ ಹಾಕಿದರೆ ಸಿಟೈಪ್ಸ್ ತಾನೇ ತಡೆಯುತ್ತದೆ, ಆದರೆ ಸರಿಯಾಗಿ 64 ಹಾಕಿದರೆ ಕೊನೆಯ ಸೊನ್ನೆ ಇಲ್ಲದೆ ಒಪ್ಪಿಕೊಳ್ಳುತ್ತದೆ, ಸಿಯ ಎಸ್‌ಟಿಆರ್‌ಲೆನ್ ಎಲ್ಲೆ ದಾಟಿ ಓಡುತ್ತದೆ. ಉದ್ದ ಅಳೆಯುವ ಮೊದಲು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತನ್ನಿ: ಹೊನ್ನಾಳಿಯ 'ಹೊ'ದ ಒತ್ವ ಒಂದು ಕೋಡ್‌ಪಾಯಿಂಟ್ ಆಗಿಯೂ ಬರಬಹುದು, ಬಿಡಿಸಿದ ರೂಪದಲ್ಲಿ ಎರಡಾಗಿಯೂ ಬರಬಹುದು.

ಸ್ಟ್ರಕ್ಟ್‌ನೊಳಗೆ ಹೆಸರಿನ ಪಾಯಿಂಟರ್ ಇಟ್ಟು ಅಕ್ಷರಗಳನ್ನು ಬೇರೆಲ್ಲೋ ಇಡುವುದಕ್ಕಿಂತ ಹೀಗೆ ಅರೇಯನ್ನೇ ಒಳಗಿಡುವುದು ಒಳ್ಳೆಯದು. ಪಾಯಿಂಟರ್ ಒಳಗೊಂದು ಪಾಯಿಂಟರ್ ಬಂದರೆ ಯಾರದ್ದು, ಎಲ್ಲಿಯವರೆಗೆ ಎಂಬ ಪ್ರಶ್ನೆಗಳಿಗೆ ಪ್ರತಿ ಹಂತದಲ್ಲೂ ಹೊಸದಾಗಿ ಉತ್ತರ ಹೇಳಬೇಕಾಗುತ್ತದೆ.

ಮೆಮೊರಿ ಯಾರದ್ದು

ಮಾಲಾಕ್ ಮಾಡಿದವರೇ (ಮೆಮೊರಿ ಕೇಳಿ ಪಡೆದವರೇ) ಫ್ರೀ ಮಾಡಬೇಕು (ಹಿಂದಿರುಗಿಸಬೇಕು). ಸಿ ಲೈಬ್ರರಿ ಲಾಟುಗಳ ಪಟ್ಟಿಯನ್ನು ತಾನೇ ಹುಟ್ಟಿಸಿ ಪಾಯಿಂಟರ್ ಕೊಡುವುದಾದರೆ, ಅದನ್ನು ಬಿಡುಗಡೆ ಮಾಡುವ ಫಂಕ್ಷನ್ ಕೂಡ ಅದೇ ಲೈಬ್ರರಿಯಲ್ಲಿರಬೇಕು. ವಿಂಡೋಸ್‌ನಲ್ಲಿ ಪ್ರತಿ ಡಿಎಲ್‌ಎಲ್‌ಗೂ ಬೇರೆ ಸಿ ರನ್‌ಟೈಮ್, ಮಾಲಾಕ್ ಮೆಮೊರಿ ತೆಗೆದುಕೊಡುವ ಬೇರೆ ಹೀಪ್ ಇರಬಹುದು. ಒಂದರಲ್ಲಿ ಹುಟ್ಟಿದ್ದನ್ನು ಇನ್ನೊಂದರಲ್ಲಿ ಫ್ರೀ ಮಾಡಿದರೆ ಹೀಪ್ ಕೆಡುತ್ತದೆ, ಕ್ರ್ಯಾಶ್ ಆಗುವುದು ಸಂಬಂಧವೇ ಇಲ್ಲದ ಬೇರೊಂದು ಸಾಲಿನಲ್ಲಿ.

ಸಿ ಕೊಡುವ ಸ್ಟ್ರಿಂಗ್‌ಗೆ ರೆಸ್‌ಟೈಪ್ ಆಗಿ ಸಿ-ಚಾರ್-ಪಿ ಇಟ್ಟರೆ ಸಿಟೈಪ್ಸ್ ತಕ್ಷಣ ಅದನ್ನು ಪೈಥಾನ್ ಬೈಟ್ಸ್ ಮಾಡಿ ಕೊಡುತ್ತದೆ. ಮೂಲ ವಿಳಾಸ ಕಳೆದುಹೋಯಿತು, ಫ್ರೀ ಮಾಡಲು ಏನೂ ಉಳಿದಿಲ್ಲ, ಪ್ರತಿ ಕರೆಗೂ ಸೋರಿಕೆ. ಅಂಥಲ್ಲಿ ರೆಸ್‌ಟೈಪ್ ಸಿ-ವಾಯ್ಡ್-ಪಿ ಇಡಿ, ಸ್ಟ್ರಿಂಗ್‌ಆಟ್‌ನಿಂದ ಅಕ್ಷರ ಓದಿಕೊಳ್ಳಿ, ಆಮೇಲೆ ಲೈಬ್ರರಿಯ ಬಿಡುಗಡೆ ಫಂಕ್ಷನ್‌ಗೆ ಅದೇ ವಿಳಾಸ ಕೊಡಿ. ಆ ಫಂಕ್ಷನ್‌ನ ಆರ್ಗ್‌ಟೈಪ್ಸ್‌ನಲ್ಲೂ ಸಿ-ವಾಯ್ಡ್-ಪಿ ಇರಲಿ, ಇಲ್ಲದಿದ್ದರೆ ಹೋಗುವಾಗ ವಿಳಾಸ ಅರ್ಧವಾಗುತ್ತದೆ. ಸಿ ಬರೆಯಬೇಕಾದ ಬಫರ್ ಆಗಿದ್ದರೆ ಕ್ರಿಯೇಟ್ ಸ್ಟ್ರಿಂಗ್ ಬಫರ್ ಬಳಸಿ. ಪೈಥಾನ್‌ನ ಬೈಟ್ಸ್ ವಸ್ತುವಿನ ಮೇಲೆ ಸಿ ಎಂದೂ ಬರೆಯಬಾರದು.

ಇದರ ಇನ್ನೊಂದು ಮಗ್ಗುಲು, ಪೈಥಾನ್ ಕೊಟ್ಟ ಮೆಮೊರಿಯನ್ನು ಸಿ ಇಟ್ಟುಕೊಳ್ಳುವುದು. ಫಂಕ್ಷನ್ ಮುಗಿಯುವವರೆಗೆ ಮಾತ್ರ ನೋಡಿದರೆ ತೊಂದರೆಯಿಲ್ಲ. ಸಿ ಆ ಪಾಯಿಂಟರನ್ನು ಗ್ಲೋಬಲ್‌ನಲ್ಲಿ ಇಟ್ಟುಕೊಂಡು ಆಮೇಲೆ ಬಳಸುವುದಾದರೆ, ಅಲ್ಲಿಯವರೆಗೆ ಪೈಥಾನ್‌ನಲ್ಲಿ ಆ ಅರೇಗೆ ಒಂದು ಹೆಸರು ಹಿಡಿದಿಟ್ಟಿರಬೇಕು. ವೇಬ್ರಿಡ್ಜ್‌ನಲ್ಲಿ ತೂಕ ನಿಂತಾಗ ಪೈಥಾನ್ ಫಂಕ್ಷನ್ ಕರೆಯಿರಿ ಎಂದು ಕಾಲ್‌ಬ್ಯಾಕ್ ಕೊಡುವಾಗ ಎಲ್ಲರೂ ಎಡವುವುದು ಇಲ್ಲೇ. ಸಿಫಂಕ್‌ಟೈಪ್‌ನಿಂದ ಮಾಡಿದ ವಸ್ತುವನ್ನು ಕರೆಯ ಸಾಲಿನಲ್ಲೇ ಕಟ್ಟಿ ಕೊಟ್ಟರೆ, ಕರೆ ಮುಗಿದ ಕೂಡಲೇ ಪೈಥಾನ್ ಅದನ್ನು ಗುಡಿಸಿಹಾಕುತ್ತದೆ. ಮುಂದಿನ ಲಾರಿ ಕಾಟಾ ಹತ್ತಿದಾಗ ಸಿ ಕರೆಯುವುದು ಇಲ್ಲದ ವಿಳಾಸವನ್ನು. ಆ ವಸ್ತುವನ್ನು ಮಾಡ್ಯೂಲ್ ಮಟ್ಟದ ಹೆಸರಿಗೋ, ಕ್ಲಾಸಿನ ಗುಣಕ್ಕೋ ಕಟ್ಟಿಡಿ.

ಲೈಬ್ರರಿ ಲೋಡ್ ಮಾಡುವ ಸಿಟೈಪ್ಸ್‌ನ ಸಿಡಿಎಲ್‌ಎಲ್ ಮೂಲಕ ಕರೆದಾಗ ಸಿ ಓಡುವಷ್ಟು ಹೊತ್ತು ಪೈಥಾನ್‌ನ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಓಡಿಸುವಂತೆ ಕಾಯುವ ಬೀಗ) ಬಿಟ್ಟಿರುತ್ತದೆ. ಬೇರೆ ಥ್ರೆಡ್ ಅದೇ ಅರೇಯನ್ನು ಅಷ್ಟರಲ್ಲಿ ತಿದ್ದಬಹುದು. ಹಂಚಿಕೊಂಡ ಅರೇಗೆ ಲಾಕ್ ಇಡಿ.

ನಂಪೈ ಇದ್ದರೆ

ಲಕ್ಷಗಟ್ಟಲೆ ಲಾಟ್ ಇದ್ದರೆ, ಸಂಖ್ಯೆಗಳ ಲೆಕ್ಕಕ್ಕಿರುವ ನಂಪೈ ಲೈಬ್ರರಿಯ ಅರೇ ಸರಿ. ಡಿಟೈಪ್ (ಅರೇಯ ಫೀಲ್ಡ್‌ಗಳ ವಿವರ) ಮಾಡುವಾಗ ಅಲೈನ್ ಟ್ರೂ ಕೊಡಿ, ಇಲ್ಲದಿದ್ದರೆ ನಂಪೈ ಪ್ಯಾಡಿಂಗ್ ಇಲ್ಲದೆ ಜೋಡಿಸುತ್ತದೆ, ಸಿಯ ಅಳತೆಗೆ ಹೊಂದುವುದಿಲ್ಲ. ಎರಡು ಬಿಟ್ಟು ಒಂದರಂತೆ ಸ್ಲೈಸ್ ಮಾಡಿದ ಅರೇಯ ಮೆಮೊರಿ ಒತ್ತಾಗಿ ಇರುವುದಿಲ್ಲ. ಅದರ ವಿಳಾಸ ಕೊಟ್ಟರೆ ಸಿ ನಡುವಿನದನ್ನೂ ಓದುತ್ತದೆ. ಆಸ್‌ಕಂಟಿಗ್ಯುಯಸ್‌ಅರೇ ಬಳಸಿದರೆ ಓದಲು ಸರಿಯಾಗುತ್ತದೆ, ಆದರೆ ಅದು ನಕಲು ಮಾಡಿರಬಹುದು, ಸಿ ಬರೆದ ಉತ್ತರ ಆ ನಕಲಿಗೆ ಹೋಗಿ ನಿಮ್ಮ ಮೂಲ ಅರೇ ಹಾಗೇ ಉಳಿಯುತ್ತದೆ. ಎನ್‌ಡಿಪಾಯಿಂಟರ್‌ಗೆ ಡಿಟೈಪ್ ಮತ್ತು ಒತ್ತಾಗಿರಬೇಕೆಂಬ ಗುರುತು ಕೊಟ್ಟು ಆರ್ಗ್‌ಟೈಪ್ಸ್‌ನಲ್ಲಿಟ್ಟರೆ ತಪ್ಪು ಅರೇ ಬಾಗಿಲಲ್ಲೇ ನಿಲ್ಲುತ್ತದೆ.

ಬೇರೆ ಭಾಷೆಗಳಲ್ಲೂ ಇದೇ ನಾಲ್ಕು ಪ್ರಶ್ನೆ, ನಿಯಮ ಮಾತ್ರ ಬೇರೆ. ರಸ್ಟ್‌ನಲ್ಲಿ ರೆಪ್ರ್ ಸಿ ಬರೆಯದಿದ್ದರೆ ಕಂಪೈಲರ್ ಫೀಲ್ಡ್‌ಗಳ ಕ್ರಮ ಬದಲಿಸಬಹುದು. ಸಿ ಶಾರ್ಪ್‌ನಲ್ಲಿ ಸ್ಟ್ರಕ್ಟ್‌ಲೇಔಟ್ ಸೀಕ್ವೆನ್ಷಿಯಲ್. ಗೋ ಕೊಟ್ಟ ಪಾಯಿಂಟರನ್ನು, ಪಿನ್ ಮಾಡಿ (ಕದಲದಂತೆ ಹಿಡಿದು) ಇಟ್ಟಿರದಿದ್ದರೆ, ಕರೆ ಮುಗಿದ ಮೇಲೆ ಸಿ ಇಟ್ಟುಕೊಳ್ಳುವಂತಿಲ್ಲ. ಜಾವಾದಲ್ಲಿ ಜೆಎನ್‌ಐ ಎಂಬ ಹಳೆಯ ದಾರಿಯ ಗೋಜಿಲ್ಲದೆ ಇದನ್ನು ಮಾಡುವ ಫಾರಿನ್ ಫಂಕ್ಷನ್ ಅಂಡ್ ಮೆಮೊರಿ ಎಪಿಐ 2024ರ ಜಾವಾ 22ರಲ್ಲಿ ಪೂರ್ಣಗೊಂಡಿತು. ಜಾವಾ, ಸಿ ಶಾರ್ಪ್‌ಗಳಲ್ಲಿ ಬಳಸದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ವಸ್ತುಗಳನ್ನು ಜಾಗ ಬದಲಿಸುತ್ತದೆ, ಹಾಗಾಗಿ ಅಲ್ಲಿ ಪಿನ್ ಮಾಡುವುದೋ ಹೀಪ್‌ನ ಹೊರಗೆ ಇಡುವುದೋ ಬೇಕು. ಸಿಪೈಥಾನ್ (ಎಲ್ಲರೂ ಬಳಸುವ ಮಾಮೂಲಿ ಪೈಥಾನ್) ವಸ್ತುಗಳನ್ನು ಕದಲಿಸುವುದಿಲ್ಲ.

ಬಿದ್ದಾಗ ಹುಡುಕುವುದು

ಪೈಥಾನ್‌ಗೆ ದೊಡ್ಡಕ್ಷರದ ಎಕ್ಸ್ ಆಪ್ಷನ್ ಜೊತೆ ಫಾಲ್ಟ್‌ಹ್ಯಾಂಡ್ಲರ್ ಕೊಟ್ಟು ಓಡಿಸಿ. ಸೆಗ್ಮೆಂಟೇಶನ್ ಫಾಲ್ಟ್ ಆದಾಗ ಕೊನೆಗೆ ಯಾವ ಪೈಥಾನ್ ಸಾಲಿನಲ್ಲಿತ್ತು ಎಂದು ಅದು ಹೇಳುತ್ತದೆ. ಸಿ ಒಳಗಿನ ಸಾಲು ಬೇಕಿದ್ದರೆ ಲೈಬ್ರರಿಯನ್ನು ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡಿ ಜಿಡಿಬಿ ಡೀಬಗರ್ ಒಳಗೆ ಪೈಥಾನ್ ಓಡಿಸಿ. ಎಲ್ಲೆ ಮೀರಿದ ಬರಹವನ್ನು ಹಿಡಿಯಲು ಕಂಪೈಲರ್‌ನ ಅಡ್ರೆಸ್ ಸ್ಯಾನಿಟೈಜರ್ ಒಳ್ಳೆಯದು; ಪೈಥಾನ್ ಅದರೊಂದಿಗೆ ಕಂಪೈಲ್ ಆಗಿರುವುದಿಲ್ಲವಾದ್ದರಿಂದ ಅದರ ಲೈಬ್ರರಿಯಾದ ಲಿಬ್‌ಏಸ್ಯಾನನ್ನು ಎಲ್‌ಡಿ ಪ್ರೀಲೋಡ್‌ನಲ್ಲಿ ಮೊದಲು ಲೋಡ್ ಮಾಡಿಸಬೇಕು. ಮೆಮೊರಿ ತಪ್ಪು ಹುಡುಕುವ ಇನ್ನೊಂದು ಸಾಧನ ವ್ಯಾಲ್‌ಗ್ರೈಂಡ್ ಬಳಸುವವರು ಪೈಥಾನ್‌ಮಾಲಾಕ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಮಾಲಾಕ್ ಎಂದು ಕೊಡಲಿ, ಇಲ್ಲದಿದ್ದರೆ ಪೈಥಾನ್‌ನ ಸ್ವಂತ ಮೆಮೊರಿ ಹಂಚಿಕೆ ಅಡ್ಡ ಬಂದು ನಿಜವಾದ ತಪ್ಪು ಕಾಣುವುದಿಲ್ಲ.